ಮನೆಯಲ್ಲಿ ಯಾರ ಮಾತು ನಡೆಯುತ್ತದೆ: ಮಂಡ್ಯ, ಮೈಸೂರಿನ ಹಳ್ಳಿ ನರ್ಸುಗಳಿಗೆ ಗೊತ್ತಿರುವುದು, ಟ್ಯಾಬಿಗೆ ಗೊತ್ತಿಲ್ಲದ್ದು

ಹೆರಿಗೆಯಾದವಳಿಗೆ ಹೊಟ್ಟೆ ತುಂಬ ನೀರು ಕೊಡಬಾರದು ಎಂಬ ಕಟ್ಟುಪಾಡು ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ನೀರು ಕುಡಿದರೆ ಹೊಟ್ಟೆ ಇಳಿಯುವುದಿಲ್ಲ, ಮಗುವಿಗೆ ಶೀತವಾಗುತ್ತದೆ ಎನ್ನುವುದು ಅದಕ್ಕೆ ಕೊಡುವ ಕಾರಣ. ಆಸ್ಪತ್ರೆಯ ಗೋಡೆಯ ಮೇಲಿನ ಭಿತ್ತಿಪತ್ರ ಇದಕ್ಕೆ ಒಂದು ಸಾಲಿನ ಉತ್ತರ ಕೊಟ್ಟು ಸುಮ್ಮನಾಗುತ್ತದೆ: ಬಾಣಂತಿ ಸಾಕಷ್ಟು ನೀರು ಕುಡಿಯಬೇಕು. ಮಾತು ಸರಿಯೇ. ನೀರು ಕಡಿಮೆಯಾದರೆ ಮಲಬದ್ಧತೆ, ಉರಿಮೂತ್ರ ಕಾಡುತ್ತವೆ, ಹಾಲೂಡುವವಳಿಗೆ ಬಾಯಾರಿಕೆ ತಡೆಯಲಾಗುವುದಿಲ್ಲ. ಆದರೆ ಭಿತ್ತಿಪತ್ರ ಓದಿ ಬಂದ ಬಾಣಂತಿಯ ಕೈಯಲ್ಲಿ ಚೊಂಬು ಇರುವುದಿಲ್ಲವಲ್ಲ. ಅದು ಇರುವುದು ಬಾಣಂತನ ಮಾಡುವ ಅವ್ವನ ಕೈಯಲ್ಲಿ. ನಾಲ್ಕೈದು ಹೆರಿಗೆ ಕಂಡ ಆ ಹೆಂಗಸಿನ ಮುಂದೆ ಇಪ್ಪತ್ತೆರಡರ ಹುಡುಗಿ 'ಡಾಕ್ಟ್ರು ಹೇಳವ್ರೆ' ಎಂದರೆ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ.

ಅನುಭವಸ್ಥ ನರ್ಸಮ್ಮ ಇಂಥ ಮನೆಗೆ ಹೋದರೆ ಬಾಣಂತಿಯನ್ನು ಮಾತಾಡಿಸುವುದು ಆಮೇಲೆ. ಮೊದಲು ಅವ್ವನ ಪಕ್ಕ ಜಗುಲಿಯಲ್ಲಿ ಕೂರುತ್ತಾರೆ. ಮಾತು ಹೆಚ್ಚುಕಡಿಮೆ ಹೀಗೆ ಸಾಗುತ್ತದೆ:

'ನೀರ್ ಕುಡುದ್ರೆ ಒಟ್ಟೆ ದಪ್ಪಾಯ್ತದೆ ಕನವ್ವ, ಮಗೀಗೂ ಸೀತ.'

'ಸರಿ ಬುಡಿ ಅವ್ವ, ತಣ್ಣೀರ್ ಬ್ಯಾಡ. ನಿಮ್ ಕಾಲ್ದಲ್ಲಿ ಜೀರ್ಗೆ ಕಸಾಯ ಕೊಡ್ತಿರ್ನಿಲ್ವಾ?'

'ಕೊಡ್ತಿದ್ದೋ.'

'ಅದ್ನೇ ನೀರಂಗೆ ತೆಳ್ಳಗೆ ಕಾಯ್ಸಿ ಚೊಂಬಲ್ಲಿ ಮಡಗಿ. ಹಾಲ್ ಕುಡ್ಸೋಕ್ ಮುಂಚೆ ಒಂದೊಂದ್ ಲೋಟ ಬುಟ್ಟುಬುಡಿ.'

ಅವ್ವ ಸೋತಂತಾಗಲಿಲ್ಲ, ಬಾಣಂತಿಗೆ ನೀರು ಸಿಕ್ಕಿತು. ನರ್ಸಿಂಗ್ ಕಾಲೇಜಿನಲ್ಲಿ ಇದಕ್ಕೆ ದೊಡ್ಡ ಹೆಸರಿದೆ. ಅಮೆರಿಕದ ಮ್ಯಾಡೆಲಿನ್ ಲೈನಿಂಗರ್ ನರ್ಸೂ ಹೌದು, ಮಾನವಶಾಸ್ತ್ರ ಓದಿದವರೂ ಹೌದು. ಜನರ ರೂಢಿಯೊಂದು ಎದುರಾದಾಗ ಶುಶ್ರೂಷಕಿಗೆ ಮೂರು ದಾರಿಗಳಿವೆ ಎಂದು ಅವರು ವಿಂಗಡಿಸಿದರು: ಒಳ್ಳೆಯದಿದ್ದರೆ ಉಳಿಸಿಕೊಳ್ಳುವುದು, ನಡುವಿನದಾದರೆ ಹೊಂದಿಸಿಕೊಳ್ಳುವುದು, ಕೆಡುಕಾದರೆ ಆ ಮನೆಯವರ ಜೊತೆಗೂಡಿಯೇ ಬದಲಿಸುವುದು. ನಮ್ಮ ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿಗಳು ಇದನ್ನು ಪರೀಕ್ಷೆಗೆ ಬರೆದು ಅಂಕ ತೆಗೆಯುತ್ತಾರೆ. ಜೀರಿಗೆ ನೀರಿನ ಉಪಾಯವನ್ನು ಮಾತ್ರ ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ.

ಬಾಣಂತನವನ್ನೇ ಈ ಮೂರು ದಾರಿಗಳಲ್ಲಿ ಬಿಡಿಸಿ ನೋಡಿದರೆ, ಪಟ್ಟಣದವರು ಮೂಢನಂಬಿಕೆ ಎಂದು ಒಂದೇ ಚೀಲಕ್ಕೆ ತುಂಬುವ ಸಂಗತಿಗಳಲ್ಲಿ ಎಷ್ಟು ಬಗೆ ಇವೆ ಎಂದು ಗೊತ್ತಾಗುತ್ತದೆ. ತವರಿನಲ್ಲಿ ತಿಂಗಳುಗಟ್ಟಲೆ ವಿಶ್ರಾಂತಿ, ಹೊರಗಿನವರನ್ನು ಕೋಣೆಯೊಳಗೆ ಬಿಡದಿರುವುದು, ತಾಯಿ ಮಗುವನ್ನು ಬೆಚ್ಚಗಿಡುವುದು ಇವನ್ನೆಲ್ಲ ವೈದ್ಯರೇ ಬರೆದುಕೊಡಬೇಕು, ಅಷ್ಟು ಒಳ್ಳೆಯವು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು ಇದ್ದರೂ ನಷ್ಟವಿಲ್ಲ, ಬಿಟ್ಟರೂ ನಷ್ಟವಿಲ್ಲ. ಅದರ ಮೇಲೆ ಜಗಳ ತೆಗೆಯುವ ನರ್ಸು ತನ್ನ ಬಂಡವಾಳವನ್ನು ಸುಮ್ಮನೆ ಖರ್ಚು ಮಾಡಿಕೊಂಡಂತೆ. ಇನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹಸುಗೂಸಿಗೆ ಹೊಗೆ ಹಿಡಿಯುವುದು, ಮೂಗು ಕಿವಿಗೆ ಎಣ್ಣೆ ಬಿಡುವುದು, ಕಣ್ಣಿಗೆ ಕಾಡಿಗೆ ತೀಡುವುದು, ಸಾಣೆಕಲ್ಲಿನ ಮೇಲೆ ತೇದ ಮದ್ದು ನೆಕ್ಕಿಸುವುದು ಇವು ನಿಲ್ಲಲೇಬೇಕಾದವು. ಕಾಡಿಗೆಯ ವಿಷಯದಲ್ಲಿ ನರ್ಸುಗಳು ಕಂಡುಕೊಂಡ ರಾಜಿ ನನಗೆ ಬಹಳ ಇಷ್ಟ: ದೃಷ್ಟಿಬೊಟ್ಟು ಬೇಡವೆನ್ನಬೇಡಿ, ಅಂಗಾಲಿಗೆ ಇಡಿ ಎನ್ನಿ. ದೃಷ್ಟಿಯೂ ತಾಗುವುದಿಲ್ಲ, ಕಣ್ಣಿಗೆ ಸೋಂಕೂ ಇಲ್ಲ.

ಮೊದಲ ಹಾಲನ್ನು ಹಿಂಡಿ ಚೆಲ್ಲುವ ಅಭ್ಯಾಸ ಈಗ ಬಹಳ ಕಡಿಮೆಯಾಗಿದೆ, ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿರುವುದು ಅದಕ್ಕೆ ದೊಡ್ಡ ಕಾರಣ. ಇನ್ನೂ ಹಟ ಹಿಡಿಯುವ ಮನೆಗಳಲ್ಲಿ ಮಂಡ್ಯದ ನರ್ಸಿಗೆ ಕೊಟ್ಟಿಗೆಯೇ ನೆರವಿಗೆ ಬರುತ್ತದೆ. ಈದ ಹಸುವಿನ ಗಿಣ್ಣನ್ನು ಕರುವಿಗೆ ಕುಡಿಸದೆ ಬಿಟ್ಟರೆ ಕರು ಉಳಿಯುತ್ತದಾ ಅವ್ವ ಎಂದು ಕೇಳಿದರೆ ಹಾಲಿನ ಡೇರಿಗೆ ದಿನಾ ಹಾಲು ಹಾಕುವ ಹೆಂಗಸು ಇಲ್ಲವೆಂದೇ ಹೇಳಬೇಕು. ರೋಗನಿರೋಧಕ ಶಕ್ತಿಯ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿದರೂ ಇಷ್ಟು ಕೆಲಸ ಆಗದು.

ಅವ್ವನನ್ನು ಗೆದ್ದುಕೊಳ್ಳುವ ಈ ತಂತ್ರ ಮೈಸೂರಿಗೆ ಹೊಸದೇನಲ್ಲ. ಸಿಡುಬಿಗೆ ಹಸುವಿನ ಸಿಡುಬಿನ ಲಸಿಕೆಯನ್ನು ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಪ್ರಕಟಿಸಿದ್ದು 1798ರಲ್ಲಿ. ಅದು ಭಾರತಕ್ಕೆ ಬಂದದ್ದು 1802ರಲ್ಲಿ. ಅದಾದ ಮೂರೇ ವರ್ಷಕ್ಕೆ, 1805ರ ಹೊತ್ತಿಗೆ, ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ಹೆಂಗಸರ ತೈಲಚಿತ್ರ ಬರೆದ. ಅದರಲ್ಲೊಬ್ಬಳು ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ, ಚಿತ್ರದ ಉದ್ದೇಶವೇ ಲಸಿಕೆಯ ಪ್ರಚಾರ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಅವರ ಓದಿನಲ್ಲಿ ನಡುವೆ ನಿಂತಿರುವವರು ಅರಮನೆಯ ಹಿರಿಯ, ರಾಜನ ಅಜ್ಜಿ ಲಕ್ಷ್ಮಮ್ಮಣ್ಣಿ. ವಾದವನ್ನು ಒಪ್ಪುವುದಾದರೆ, ಲಸಿಕೆಗೆ ಜನರನ್ನು ಒಪ್ಪಿಸಲು ಕಂಪನಿ ಸರ್ಕಾರಕ್ಕೂ ಕಡೆಗೆ ಬೇಕಾದದ್ದು ಮನೆಯ ಹಿರಿಯಳ ಸಮ್ಮತಿಯೇ.

ಹೆರಿಗೆ, ಲಸಿಕೆಗಳ ಮಟ್ಟಿಗೆ ನಮ್ಮ ವ್ಯವಸ್ಥೆ ಈ ಪಾಠವನ್ನು ಅರೆಬರೆಯಾದರೂ ಕಲಿತಿದೆ. ಆದರೆ ಈಗ ಹಳ್ಳಿಗಳ ಕಾಯಿಲೆಯೇ ಬೇರೆಯಾಗಿದೆ. ಬಿಪಿ, ಸಕ್ಕರೆ ಕಾಯಿಲೆ, ಬಾಯಿಯ ಕ್ಯಾನ್ಸರು. 2018ರಿಂದ ಹಳ್ಳಿಗಳ ಆರೋಗ್ಯ ಉಪಕೇಂದ್ರಗಳನ್ನೇ ಕ್ಷೇಮ ಕೇಂದ್ರಗಳಾಗಿ ಮಾಡಿ, ನರ್ಸಿಂಗ್ ಓದಿದವರನ್ನು ಸಮುದಾಯ ಆರೋಗ್ಯ ಅಧಿಕಾರಿಗಳೆಂದು ಕೂರಿಸಲಾಯಿತು. ಈಗ ಬೋರ್ಡಿನ ಮೇಲೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದಿದೆ. ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಶುರುಮಾಡಿದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಬಾಗಿಲಿಗೇ ಹೋಗಿ ಮೂವತ್ತು ದಾಟಿದವರ ಬಿಪಿ, ಸಕ್ಕರೆ ನೋಡುತ್ತಾರೆ. ಪತ್ತೆಹಚ್ಚುವ ಕೆಲಸ ಇದರಿಂದ ಖಂಡಿತ ಸುಧಾರಿಸುತ್ತದೆ. ಪತ್ತೆಯಾದ ಮೇಲೆ ಏನು ಎನ್ನುವುದು ತೊಡಕು.

ಉಪ್ಪನ್ನೇ ತೆಗೆದುಕೊಳ್ಳಿ. ದಿನಕ್ಕೆ ಐದು ಗ್ರಾಮಿನೊಳಗೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಈ ಮಾತನ್ನು ಮುದ್ದೆ ಉಪ್ಸಾರಿನ ನಾಡಿನಲ್ಲಿ ಹೇಳಬೇಕು. 'ಉಪ್ಪು ಕಡಿಮೆ ಮಾಡಿ ಯಜಮಾನ್ರೇ' ಎಂದರೆ ಗೌಡರು ತಲೆಯಾಡಿಸುತ್ತಾರೆ, ಅಡುಗೆ ಮಾಡುವ ಸೊಸೆಗೆ ಆ ಮಾತು ತಲುಪುವುದೇ ಇಲ್ಲ. ತಲುಪಿದರೂ ಆಕೆ ಏನು ಮಾಡಬೇಕು? ಒಂದೇ ಪಾತ್ರೆಯಲ್ಲಿ ಎಂಟು ಜನಕ್ಕೆ ಬೇಯಿಸುವವಳು ಒಬ್ಬರಿಗಾಗಿ ಸಪ್ಪೆ ಮಾಡಿದರೆ ಏಳು ತಟ್ಟೆಗಳಿಂದ ಗೊಣಗಾಟ. ಆದರೆ ಉಪ್ಸಾರಿನ ರಚನೆಯಲ್ಲೇ ಒಂದು ಅನುಕೂಲವಿದೆ. ಕಾಳು ಸೊಪ್ಪು ಬೇಯಿಸಿ ಬಸಿದ ಕಟ್ಟು ಬೇರೆ, ಮೆಣಸಿನಕಾಯಿ ಬೆಳ್ಳುಳ್ಳಿ ಅರೆದ ಖಾರ ಬೇರೆ. ಖಾರವನ್ನು ತಟ್ಟೆಯಲ್ಲಿ ಅವರವರು ಕಲಸಿಕೊಳ್ಳುತ್ತಾರೆ. ಹಾಗಾಗಿ ಉಪ್ಪು ಹಾಕುವ ಮುಂಚೆ ಗೌಡರ ಪಾಲಿನ ಕಟ್ಟನ್ನು ಬೇರೆ ಬಟ್ಟಲಿಗೆ ಬಸಿದಿಟ್ಟು, ಅವರ ಖಾರಕ್ಕೆ ಉಪ್ಪಿಲ್ಲದೆ ಹುಣಸೆಹಣ್ಣನ್ನೋ ನಿಂಬೆಹುಳಿಯನ್ನೋ ಜಾಸ್ತಿ ಬಿಟ್ಟರೆ ನಾಲಿಗೆಗೆ ಸಪ್ಪೆ ಅನ್ನಿಸುವುದಿಲ್ಲ. ಇದನ್ನು ಹೇಳಬೇಕಾದದ್ದು ಬಿಪಿ ಇರುವವರಿಗಲ್ಲ, ಒಲೆಯ ಮುಂದೆ ಇರುವವರಿಗೆ. ಮನೆಬಾಗಿಲಿನ ತಪಾಸಣೆ ಬಾಗಿಲಲ್ಲೇ ಮುಗಿದರೆ ಅಡುಗೆಮನೆಯ ತನಕ ಹೋಗುವುದೆಂದು?

ಸಕ್ಕರೆ ಕಾಯಿಲೆಯಲ್ಲಿ ಇನ್ನೊಂದು ಬಗೆಯ ಎಡವಟ್ಟು. ರಾಗಿ ತಿಂದರೆ ಶುಗರ್ ಏರುವುದಿಲ್ಲ, ಬೆಲ್ಲ ನಮ್ಮ ಆಲೆಮನೆಯದು, ಅದಕ್ಕೆ ದೋಷವಿಲ್ಲ ಎಂಬ ಎರಡು ನಂಬಿಕೆಗಳು ಸಕ್ಕರೆ ಜಿಲ್ಲೆ ಎನಿಸಿದ ಮಂಡ್ಯದಲ್ಲಿ ಗಟ್ಟಿಯಾಗಿವೆ. ರಾಗಿಯಲ್ಲಿ ನಾರು, ಸುಣ್ಣದಂಶ ಚೆನ್ನಾಗಿದೆ ನಿಜ, ಆದರೂ ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಎರಡು ಮುದ್ದೆ ಎಂದರೆ ಪಿಷ್ಟವೇ ಪಿಷ್ಟ. ಬೆಲ್ಲವಂತೂ ರಕ್ತಕ್ಕೆ ಸೇರಿದ ಮೇಲೆ ಸಕ್ಕರೆಯೇ. ಇಲ್ಲಿ ಮುದ್ದೆ ಬಿಡಿಸುವ ಮಾತು ನಡೆಯದು. ಮುದ್ದೆ ಚಿಕ್ಕದು, ಸೊಪ್ಪಿನ ಪಲ್ಯ ದೊಡ್ಡದು ಎಂಬ ಮಾತು ನಡೆಯುತ್ತದೆ, ಯಾಕೆಂದರೆ ಸೊಪ್ಪು ಆ ಊಟದಲ್ಲಿ ಮೊದಲೇ ಇದೆ.

ಕಬ್ಬಿಣದ ಮಾತ್ರೆಯ ಕತೆ ಇದಕ್ಕಿಂತ ಸ್ವಾರಸ್ಯದ್ದು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 47.8% ಜನಕ್ಕೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು, ಅದರ ಹಿಂದಿನ ಸಮೀಕ್ಷೆಗಿಂತ ಇದು ಹೆಚ್ಚು. ಬಸುರಿಯರಿಗೆ 180 ದಿನ ಮಾತ್ರೆ ಕೊಡುತ್ತಾರೆ, ಕೊಟ್ಟದ್ದಕ್ಕೆ ಲೆಕ್ಕ ಇದೆ, ನುಂಗಿದ್ದಕ್ಕೆ ಇಲ್ಲ. ಮಾತ್ರೆ ಉಷ್ಣ, ಮಲ ಕಪ್ಪಗಾಗುತ್ತದೆ, ಮಗು ಕಪ್ಪಾಗುತ್ತದೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ. ಹೀಗೆ ಒಂದರ ಮೇಲೊಂದು ಭಯಗಳಿರುವಾಗ ಮಾತ್ರೆ ಸೂರಿನ ಸಂದಿಗೆ ಸೇರುತ್ತದೆ. ಉಷ್ಣ ಎಂದರೆ ಸುಳ್ಳು ಎಂದು ಬಾಯಿ ಮುಚ್ಚಿಸುವ ಬದಲು, ತಂಪಿಗೆ ನಿಂಬೆಹಣ್ಣಿನ ಪಾನಕದ ಜೊತೆ ನುಂಗು ಎನ್ನುವ ನರ್ಸು ಒಂದೇ ಏಟಿಗೆ ಎರಡು ಹಣ್ಣು ಕೆಡವುತ್ತಾಳೆ. ಮನೆಯವರ ಲೆಕ್ಕದಲ್ಲಿ ನಿಂಬೆ ಉಷ್ಣ ಇಳಿಸುತ್ತದೆ, ವೈದ್ಯದ ಲೆಕ್ಕದಲ್ಲಿ ಅದರ ಸಿ ಜೀವಸತ್ವ ಕಬ್ಬಿಣಾಂಶ ಹೀರಿಕೊಳ್ಳಲು ನೆರವಾಗುತ್ತದೆ. ಮಾತ್ರೆಯ ಹಿಂದುಮುಂದೆ ಕಾಫಿ, ಟೀ ಬೇಡ ಎಂಬುದನ್ನೂ ಅದೇ ಉಸಿರಿನಲ್ಲಿ ಸೇರಿಸಬಹುದು. ಕಾಫಿಯೂ ಉಷ್ಣ ತಾನೆ.

ಎಲ್ಲ ಕಡೆಯೂ ಇಷ್ಟು ಸಲೀಸಲ್ಲ. ಸರ್ಪಸುತ್ತಿಗೆ ಕೆಮ್ಮಣ್ಣು ಬಳಿಸಿಕೊಳ್ಳುವುದರಿಂದ ನೇರ ಕೆಡುಕು ದೊಡ್ಡದಲ್ಲ, ಆದರೆ ವೈರಾಣು ತಡೆಯುವ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಗುಳ್ಳೆ ಎದ್ದ 72 ಗಂಟೆಯೊಳಗೆ. ಮಣ್ಣು ಒಣಗುವುದನ್ನು ಕಾಯುತ್ತಾ ಆ ಅವಧಿ ಕಳೆದರೆ ಮುದುಕರಿಗೆ ತಿಂಗಳುಗಟ್ಟಲೆ ನರದ ಉರಿ ಉಳಿಯುತ್ತದೆ. ಅದಕ್ಕೇ ಮಣ್ಣು ಹಚ್ಚುವವರನ್ನೇ ಹಿಡಿದು, 'ನೀವು ಹಚ್ಚಿ, ಹಚ್ಚಿದ ದಿನವೇ ನಮ್ಮ ಹತ್ತಿರ ಕಳಿಸಿ' ಎನ್ನುವುದು ಜಾಣತನ.

ಹೆಗ್ಗಡದೇವನಕೋಟೆ, ಹುಣಸೂರಿನ ಬುಡಕಟ್ಟು ಜನರ ಹಾಡಿಗಳಿಗೆ ಹೋದರೆ ಮೇಲಿನ ಲೆಕ್ಕಾಚಾರವೆಲ್ಲ ತಲೆಕೆಳಗು. ಜೇನುಕುರುಬರು, ಬೆಟ್ಟಕುರುಬರು, ಯರವರ ನಡುವೆ ಇರುವ ಕುಡಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್) ವಂಶದಲ್ಲಿ ಬರುವ ಕಾಯಿಲೆ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಇದನ್ನು 2047ರೊಳಗೆ ತೊಲಗಿಸುವ ಗುರಿಯ ಅಭಿಯಾನ ಶುರುಮಾಡಿತು. ನಲವತ್ತರೊಳಗಿನ ಏಳು ಕೋಟಿ ಜನರ ರಕ್ತಪರೀಕ್ಷೆ ಅದರ ಭಾಗ. ತಾಯಿ ತಂದೆ ಇಬ್ಬರೂ ವಾಹಕರಾದರೆ, ಅಂದರೆ ತಮಗೆ ಕಾಯಿಲೆಯಿಲ್ಲದೆ ಅದರ ವಂಶವಾಹಿಯನ್ನು ಮಾತ್ರ ಹೊತ್ತವರಾದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆದ್ದರಿಂದ ಮದುವೆಗೆ ಮುಂಚೆ ಪರೀಕ್ಷೆ, ಸಲಹೆ ಎನ್ನುತ್ತದೆ ಕಾರ್ಯಕ್ರಮ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಕಾಫಿ ಕೊಯ್ಲಿನ ಕಾಲದಲ್ಲಿ ಹೋದರೆ ಹಾಡಿಯ ಅರ್ಧ ಜನ ಕೊಡಗಿನ ತೋಟಗಳಲ್ಲಿರುತ್ತಾರೆ, ಶಿಬಿರದ ತಾರೀಕು ಮೈಸೂರಿನಲ್ಲಿ ನಿಗದಿಯಾಗಿರುತ್ತದೆ. ಇನ್ನು ಅತ್ತೆಯ ಮಾತಲ್ಲ ಇಲ್ಲಿ ನಡೆಯುವುದು, ಹಾಡಿಯ ಯಜಮಾನನನ್ನು ಕಾಣದೆ ರಕ್ತ ತೆಗೆಯಲು ಹೋದರೆ ಮಕ್ಕಳನ್ನು ಎತ್ತಿಕೊಂಡು ಕಾಡಿನ ದಾರಿ ಹಿಡಿದಾರು. ಕಾಡಿನಿಂದ ಒಕ್ಕಲೆಬ್ಬಿಸಿಕೊಂಡು ಬಂದ ಕುಟುಂಬಗಳಿಗೆ ಸರ್ಕಾರದ ಜೀಪು ಕಂಡರೆ ಹಿಂದಿನದೆಲ್ಲ ನೆನಪಾಗುತ್ತದೆ, ಅದರಲ್ಲಿ ತಪ್ಪೂ ಇಲ್ಲ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಫಲಿತಾಂಶ ಹೇಳುವಾಗ. ವಾಹಕ ಎಂಬ ಚೀಟಿ ಹುಡುಗಿಯ ಕೈಗೆ ಮಾತ್ರ ಬಂದರೆ ಕೆಟ್ಟ ರಕ್ತದವಳೆಂಬ ಹೆಸರು ಅವಳಿಗೆ ಅಂಟುತ್ತದೆ. ಹುಡುಗರ ಪರೀಕ್ಷೆಯೂ ಜೊತೆಯಲ್ಲೇ ಆಗಬೇಕು, ವಾಹಕ ಎಂದರೆ ರೋಗಿಯಲ್ಲ ಎಂಬುದು ಅವರದೇ ಮಾತಿನಲ್ಲಿ, ಅವರದೇ ಹುಡುಗಿಯೊಬ್ಬಳು ಆಶಾ ಕಾರ್ಯಕರ್ತೆ ಆಗಿದ್ದರೆ ಅವಳ ಬಾಯಲ್ಲಿ ಬರಬೇಕು.

ಇಷ್ಟೆಲ್ಲ ಮಾಡಲು ಬೇಕಾದದ್ದು ಹೊತ್ತು, ಅದೇ ಈಗ ಇಲ್ಲ. ಬಯಲುಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, ಕಾಡು ಗುಡ್ಡದ ಕಡೆ 3,000ಕ್ಕೆ ಒಂದು, ಸಾವಿರ ಜನಕ್ಕೊಬ್ಬ ಆಶಾ ಎಂಬುದು ನಿಯಮ. ಹಾಜರಿರುವ ನರ್ಸಿನ ದಿನ ಎಲ್ಲಿ ಕರಗುತ್ತದೆ ಎಂದು ಪಕ್ಕದಲ್ಲಿ ಕೂತು ನೋಡಬೇಕು. ಟ್ಯಾಬಿನಲ್ಲಿ ಒಂದೊಂದು ವಿವರವನ್ನೂ ತುಂಬಬೇಕು: ಬಸುರಿ ಬಾಣಂತಿಯರದ್ದು ಆರ್‌ಸಿಎಚ್ ಪೋರ್ಟಲ್ಲಿಗೆ, ಲಸಿಕೆಯದ್ದು ಯು-ವಿನ್‌ಗೆ, ಕ್ಷಯದ್ದು ನಿಕ್ಷಯ್‌ಗೆ, ಬಿಪಿ ಶುಗರಿನದ್ದು ಎನ್‌ಸಿಡಿ ಪೋರ್ಟಲ್ಲಿಗೆ, ಅದರ ಮೇಲೆ ಪ್ರತಿಯೊಬ್ಬರ ಆಭಾ ಎಂಬ ಆರೋಗ್ಯ ಗುರುತಿನ ಸಂಖ್ಯೆ. ಒಟಿಪಿ ಬರುವ ಮೊಬೈಲು ಮೈಸೂರಿಗೆ ಕೆಲಸಕ್ಕೆ ಹೋದ ಮಗನ ಜೇಬಿನಲ್ಲಿರುತ್ತದೆ, ನೆಟ್‌ವರ್ಕ್ ಹೊಂಗೆ ಮರದ ಕೆಳಗೆ ಮಾತ್ರ. ಸಂಜೆ ತಾಲ್ಲೂಕಿನಿಂದ ಬರುವ ಪ್ರಶ್ನೆ ಎಂಟ್ರಿ ಎಷ್ಟಾಯಿತು ಎಂಬುದು, ಎಷ್ಟು ಅತ್ತೆಯರು ಒಪ್ಪಿದರು ಎಂಬುದಲ್ಲ. ಮಾಹಿತಿ ಬೇಡವೆಂದು ನನ್ನ ವಾದವಲ್ಲ. 2024ರ ಡೆಂಗಿ ಹಾವಳಿಯಲ್ಲಿ ಎಲ್ಲಿ ಲಾರ್ವಾ ಇದೆ ಎಂದು ತಿಳಿದದ್ದು ಮನೆಮನೆ ಸಮೀಕ್ಷೆಯಿಂದಲೇ. ಪ್ರತಿ ಶುಕ್ರವಾರ ತೊಟ್ಟಿ ಉಜ್ಜಿ ಎಂಬ ಆಗಿನ ಕರೆ ನಮ್ಮಲ್ಲಿ ಹೊಂದಿಕೊಂಡದ್ದು ಶುಕ್ರವಾರ ಹೇಗೂ ಮನೆ ತೊಳೆಯುವ ದಿನವಾದ್ದರಿಂದ. ಆದರೆ ನೀರು ಖಾಲಿ ಮಾಡಿದರೆ ಸಾಲದು, ತೊಟ್ಟಿಯ ಒಳಗೋಡೆಗೆ ಅಂಟಿದ ಸೊಳ್ಳೆ ಮೊಟ್ಟೆ ತಿಂಗಳುಗಟ್ಟಲೆ ಒಣಗಿಯೂ ಬದುಕಿರುತ್ತದೆ, ಉಜ್ಜಲೇಬೇಕು ಎಂಬ ವಿವರ ಹೇಳಲು ಮನೆಗೆ ಎರಡು ನಿಮಿಷ ಹೆಚ್ಚು ಬೇಕು. ಆ ಎರಡು ನಿಮಿಷವನ್ನೇ ಟ್ಯಾಬು ತಿನ್ನುತ್ತಿದೆ. ಹಳ್ಳಿಯನ್ನು ಹೆಚ್ಚು ಬಲ್ಲ ಆಶಾಗಳು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತು ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆದು ಹಿಂದಿರುಗಬೇಕಾಯಿತು.

ಒಂದು ಸಂಗತಿ ಮಾತ್ರ ಈ ಹೊಂದಾಣಿಕೆಯ ಚೌಕಟ್ಟಿನಲ್ಲಿ ಕೂರುವುದಿಲ್ಲ. 2023ರ ನವೆಂಬರಿನಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಮೂರು ವರ್ಷಗಳಲ್ಲಿ ಸುಮಾರು 900 ಗರ್ಭಪಾತ ಎಂಬ ಲೆಕ್ಕ ತನಿಖೆಯ ವೇಳೆ ಹೊರಬಿತ್ತು. 2024ರ ಮೇ ತಿಂಗಳಲ್ಲಿ ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಇಂಥದೊಂದು ಪ್ರಕರಣ. ಭ್ರೂಣಲಿಂಗ ಪತ್ತೆ ನಿಷೇಧದ ಕಾಯ್ದೆ ಬಂದದ್ದು 1994ರಲ್ಲಿ, ಎಷ್ಟು ವರ್ಷವಾಯಿತು ನೋಡಿ. ಜಾಲವನ್ನು ಹಿಡಿದದ್ದು ಬೆಂಗಳೂರು ಪೊಲೀಸರು. ಆದರೆ ಊರಿನ ನರ್ಸಿಗೆ ಏನೂ ಗೊತ್ತಿರಲಿಲ್ಲ ಎಂದರೆ ನಂಬುವುದು ಕಷ್ಟ. ಎರಡು ಹೆಣ್ಣುಮಕ್ಕಳ ತಾಯಿ ಮೂರನೇ ತಿಂಗಳಲ್ಲಿ ಹೆಸರು ಬರೆಸಿ ತಾಯಿ ಕಾರ್ಡ್ ಪಡೆಯುತ್ತಾಳೆ. ಐದನೇ ತಿಂಗಳ ತಪಾಸಣೆಗೆ ಬರುವುದಿಲ್ಲ. ಮನೆಗೆ ಹೋದರೆ 'ಹೋಯ್ತು ಕನಮ್ಮ' ಎನ್ನುತ್ತಾರೆ. ಕಾಲಂನಲ್ಲಿ ಅಬಾರ್ಷನ್ ಎಂದು ಬಿದ್ದು ಕಡತ ಮುಚ್ಚುತ್ತದೆ.

ರೂಢಿಯನ್ನು ಗೌರವಿಸು ಎಂಬ ಪಾಠ ಇಲ್ಲಿ ನಡೆಯದು, ಇದು ಬದಲಿಸಲೇಬೇಕಾದ ಸಾಲಿನದು. ಹಾಗೆಂದು ಆ ತಾಯಿಯನ್ನು ಆರೋಪಿಯಂತೆ ನೋಡಿದರೆ ಆಕೆ ಮುಂದಿನ ಬಾರಿ ಹೆಸರೇ ಬರೆಸುವುದಿಲ್ಲ. 1971ರ ಕಾಯ್ದೆಯ ಷರತ್ತುಗಳೊಳಗೆ ಗರ್ಭಪಾತ ಕಾನೂನುಬದ್ಧ ಸೇವೆ, ಅದನ್ನು ಕೇಳಿ ಬರುವ ಪ್ರತಿಯೊಬ್ಬಳ ಹಿಂದೆ ಪೊಲೀಸ್ ಕಣ್ಣು ಬಿದ್ದರೆ ಆಕೆ ನಾಟಿ ಸೂಲಗಿತ್ತಿಯ ಕಡ್ಡಿಗೆ ತುತ್ತಾಗುತ್ತಾಳೆ. ಈ ಕೆಲಸದಲ್ಲಿ ಗಂಡುಮಗು ಬೇಕೆಂಬ ಒತ್ತಡ ಎಲ್ಲಿಂದ ಬರುತ್ತದೆ ಎಂದು ನೋಡಬೇಕು: ನಾಲೆ ಬಯಲಿನ ಗದ್ದೆ ಯಾರ ಹೆಸರಿಗೆ, ಕೊನೆಗೆ ಕೊಳ್ಳಿ ಇಡುವವರು ಯಾರು, ವರದಕ್ಷಿಣೆ ಎಷ್ಟು. ಹೆಣ್ಣು ಸಿಗದ ರೈತ ಯುವಕರು 2023ರ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ 'ಬ್ರಹ್ಮಚಾರಿಗಳ ಪಾದಯಾತ್ರೆ' ಹೊರಟಾಗ ನಾಡು ನಕ್ಕಿತು. ಕೆಲವು ನರ್ಸುಗಳು ಅದನ್ನೇ ಹಿಡಿದು, ನಿಮ್ಮ ಮೊಮ್ಮಗನಿಗೆ ಹೆಣ್ಣು ಎಲ್ಲಿಂದ ತರ್ತೀರಿ ಅವ್ವ ಎಂದು ಕೇಳಬಹುದು. ಮಾತು ನಾಟುತ್ತದೆ, ಆದರೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹೆಣ್ಣುಮಗು ಇನ್ನೊಬ್ಬರ ಮನೆಯ ಸೊಸೆಯಾಗಲಿ ಎಂದೇ ಹುಟ್ಟಬೇಕೆ?

ದೂರು ಕೊಡಬೇಕಾದ ನರ್ಸು ಅದೇ ಊರಿನಲ್ಲಿ ಬಾಡಿಗೆಗಿರುತ್ತಾಳೆ, ಅವಳ ಮಗು ಅಲ್ಲಿನ ಅಂಗನವಾಡಿಗೆ ಹೋಗುತ್ತದೆ. ಹೆಸರು ಹೊರಬಿದ್ದ ಮಾರನೆಯ ದಿನದಿಂದ ಯಾವ ಮನೆಯ ಜಗುಲಿಯೂ ಅವಳಿಗಿಲ್ಲ, ಬಾಣಂತಿಯ ನೀರಿನ ಮಾತೂ ಅಲ್ಲಿಗೆ ನಿಂತಿತು. ನಂಬಿಕೆಯನ್ನೂ ನಿಗಾವನ್ನೂ ಒಬ್ಬಳ ಹೆಗಲಿಗೇ ಹೊರಿಸುವುದು ಸರಿಯಲ್ಲ. ಮೂರನೇ ತಿಂಗಳಿಂದ ಆರನೇ ತಿಂಗಳ ನಡುವೆ ಕಾಣೆಯಾದ ಬಸಿರುಗಳ ಪಟ್ಟಿ ಪೋರ್ಟಲ್ಲಿನಲ್ಲಿ ಹೇಗೂ ಇದೆ. ಅದನ್ನು ತಿಂಗಳಿಗೊಮ್ಮೆ ಜಿಲ್ಲಾ ಮಟ್ಟದಲ್ಲಿ ತೆಗೆದು, ಯಾವ ಹೋಬಳಿಯಲ್ಲಿ, ಎಷ್ಟನೇ ಬಸಿರಿನಲ್ಲಿ, ಹಿಂದಿನ ಮಕ್ಕಳು ಹೆಣ್ಣೋ ಗಂಡೋ ಎಂದು ಹೊರಗಿನ ತಂಡ ಹೋಲಿಸಿ ನೋಡಲಿ. ಬೆನ್ನು ಹತ್ತಬೇಕಾದದ್ದು ಹೆಂಗಸರನ್ನಲ್ಲ, ಯಂತ್ರಗಳನ್ನು ಮತ್ತು ಅವನ್ನು ಹೊತ್ತು ತಿರುಗುವ ದಲ್ಲಾಳಿಗಳನ್ನು. ಊರ ನರ್ಸಿನ ಹೆಸರು ಆ ಕಡತದ ಯಾವ ಪುಟದಲ್ಲೂ ಇರಕೂಡದು.